ಪೈಪಿನ ಇನ್ನೊಂದು ತುದಿ

"ಏಮಮ್ಮಾ, ಸಿವಿಲ್ ಓದ್ಬುಟ್ಟು ಮೆಷಿನ್ ಕೆಲಸಕ್ಕೆ ಬಂದಿದ್ದೀಯಲ್ಲ, ಇಲ್ಲೇನು ಗೋಡೆ ಕಟ್ತೀಯಾ?" ಎಂದರು ಮಲ್ಲಿಕಾರ್ಜುನಪ್ಪ. ಇಂಟರ್‌ವ್ಯೂಗೆ ಬಂದಿದ್ದ ಮೆಕ್ಯಾನಿಕಲ್ ಹುಡುಗರೆಲ್ಲ ನಕ್ಕರು. ಹಿಂದೂಪುರದ ಆ ಕಾರ್ಖಾನೆಯ ಯಂತ್ರಗಳ ಹೊಣೆ ಹೊತ್ತವರು ಮಲ್ಲಿಕಾರ್ಜುನಪ್ಪನವರೇ. ಗಡಗಡ ನಡುಗುವ ಮೆಷಿನ್ ಒಂದನ್ನು ತೋರಿಸಿ ಕಾರಣ ಕೇಳಿದ್ದರು. ಹುಡುಗರು ಬೇರಿಂಗ್ ಅಂದರು, ಬೆಲ್ಟ್ ಅಂದರು. ಎರಡನ್ನೂ ಹೋದ ವಾರವೇ ಬದಲಾಯಿಸಿ ಆಗಿತ್ತು.

ಸ್ನೇಹಲತಾಗೆ ಈಗಲೇ ಕಲ್ಯಾಣದುರ್ಗದ ಬಸ್ ಹತ್ತಿಬಿಡೋಣ ಅನಿಸಿತು. ಹಗಲು ಕಟ್ಟಡದ ಕೆಲಸ ನೋಡಿಕೊಂಡು, ಸಂಜೆ ಕ್ಲಾಸಿನಲ್ಲಿ ಓದಿ ಪಾಸಾದವಳು. ನಾಲ್ಕು ಕಡೆ ಅವಳನ್ನು 'ಬ್ರಾಂಚ್ ಬೇರೆ' ಎಂದು ಬಾಗಿಲಲ್ಲೇ ವಾಪಸ್ ಕಳಿಸಿದ್ದರು. ಆದರೂ ಮುಚ್ಚಿಟ್ಟು ಮೋಸ ಮಾಡಬಾರದೆಂದು ಇಲ್ಲಿನ ಅರ್ಜಿಯಲ್ಲಿ 'ಸಿವಿಲ್' ಎಂಬುದರ ಕೆಳಗೆ ತಾನೇ ಗೆರೆ ಎಳೆದಿದ್ದಳು.

"ಸಾರ್, ಒಂದ್ನಿಮಿಷ ಮೆಷಿನ್ ಆಫ್ ಮಾಡ್ಸಿ," ಎಂದಳು. ಮೇಸ್ತ್ರಿಗಳು ಮಟ್ಟ ನೋಡುವ ತೆಳು ಪೈಪನ್ನು ಬ್ಯಾಗಿನಿಂದ ತೆಗೆದು, ಬಾಟಲಿಯ ನೀರು ತುಂಬಿಸಿದಳು. "ಆ ತುದಿ ಯಾರಾದ್ರೂ ಹಿಡ್ಕೊಳ್ರಪ್ಪ."

"ಮೆಷಿನ್ ಬಾಡೋಗೈತೆ ಕಣ್ಲಾ, ನೀರು ಹಾಕ್ತಾವ್ಳೆ!" ಎಂದನೊಬ್ಬ. ಯಾರೂ ಮುಂದೆ ಬರಲಿಲ್ಲ. ಅವಳು ಆ ತುದಿಯನ್ನು ಕರ್ಚೀಫಿನಿಂದ ಮೆಷಿನ್ನಿನ ಒಂದು ಕಾಲಿಗೆ ಕಟ್ಟಿ, ಈ ತುದಿಯನ್ನು ಎದುರು ಕಾಲಿಗೆ ಹಿಡಿದು ಕೂತಳು. ಪೈಪಿನಲ್ಲಿ ನೀರು ಅಲುಗಾಡಿ, ನಿಂತಿತು. ಎರಡೂ ಕಡೆ ನೆಲದಿಂದ ನೀರಿನ ಮಟ್ಟದವರೆಗೆ ಟೇಪಿನಿಂದ ಅಳೆದಳು. ತಪ್ಪಿರಬಹುದೆಂದು ಮತ್ತೆ ಅಳೆದಳು.

"ಮೆಷಿನ್ ಸರ್ಯಾಗೈತೆ ಸಾರ್. ಕೆಳಗಿನ ಕಾಂಕ್ರೀಟು ಈ ಮೂಲೇಲಿ ಒಂದು ಬೆರಳು ಇಳಿದ್ಬುಟ್ಟೈತೆ, ಅದಕ್ಕೇ ನಡುಗ್ತೈತೆ."

ಮಲ್ಲಿಕಾರ್ಜುನಪ್ಪ ಮಂಡಿಯೂರಿ ಕರ್ಚೀಫು ಬಿಚ್ಚಿದರು, ಪೈಪಿನ ಆ ತುದಿಯನ್ನು ತಾವೇ ಕೈಗೆ ತಗೊಂಡರು.

"ಬಾ, ಪಕ್ಕದ ಮೆಷಿನ್ನೂ ನೋಡೇಬುಡಾನ. ಎಲ್ಲಿ ಹಿಡೀಲಿ, ಹೇಳಮ್ಮ."