ಮುಖ ಹೇಳುವ ಪರೀಕ್ಷೆ

ಕನ್ನಡಿಯಲ್ಲಾಗಲಿ ಫೋಟೊದಲ್ಲಾಗಲಿ ಮನುಷ್ಯರ ಮುಖ ಮೂಡುವುದು ನಿಂತು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಬ್ಯೂಟಿಷಿಯನ್ ಲೈಸೆನ್ಸ್ ಪರೀಕ್ಷೆಗೆ ಒಂದು ವಿಷಯ ಹೆಚ್ಚಾಗಿತ್ತು: ಕುರ್ಚಿಯಲ್ಲಿ ಕುಳಿತವರಿಗೆ ಅವರ ಮುಖವನ್ನು ಇದ್ದಂತೆಯೇ ಹೇಳುವುದು. ಫೇಶಿಯಲ್, ಥ್ರೆಡಿಂಗ್ ಎಲ್ಲದರಲ್ಲೂ ನಾಗವೇಣಿ ಪಾಸಾಗಿದ್ದಳು. ಇದೊಂದರಲ್ಲಿ ಎರಡು ಸಲ ಫೇಲು. ಸಮಾಧಾನಕ್ಕೆಂದು ಸುಳ್ಳು ಸೇರಿಸಿದ್ದಳು.

ನಾಳೆ ಮೂರನೆಯ ಸಲ. ಗದಗಿನ ಮನೆಯ ಪಡಸಾಲೆಯಲ್ಲಿ ಅವ್ವ ಶಂಕ್ರವ್ವನನ್ನು ಕೂರಿಸಿಕೊಂಡು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಅವಳ ಹುಬ್ಬು ತಿದ್ದಿ ಮುಗಿಸಿದಳು.

"ಈಗ ನನ್ನ ಮುಖ ಹೇಳು," ಅಂದಳು ಅವ್ವ.

ನಾಗವೇಣಿ ದಾರ ಬಿಡಲಿಲ್ಲ. ಕಚ್ಚಿಕೊಂಡಿರುವಷ್ಟು ಹೊತ್ತು ಮಾತಾಡಬೇಕಿರಲಿಲ್ಲ. ಅವ್ವನ ಎಡಗೆನ್ನೆಯ ಮೇಲೆ ಎರಡು ವರ್ಷದ ಹಿಂದೆ ಮೂಡಿದ ಬಿಳಿ ಮಚ್ಚೆಯನ್ನು ಮನೆಮಂದಿಯೆಲ್ಲ ಸೇರಿ ಅವಳಿಂದ ಮುಚ್ಚಿಟ್ಟಿದ್ದರು. ಮದುವೆಮನೆಯಲ್ಲಿ ಜನ ದಿಟ್ಟಿಸಿದಾಗ "ನಿನ್ನ ಹೊಸ ಸೀರಿ ನೋಡ್ತಾರ" ಎಂದವಳು ನಾಗವೇಣಿಯೇ.

"ಹೇಳವಾ. ನಾಳೆ ಪರೀಕ್ಷಾದವರು ಹಿಂಗ ಕಾಯಂಗಿಲ್ಲ."

ಅವಳು ದಾರ ತೆಗೆದಳು. "ಹುಬ್ಬು ಕಮಾನಿನಂಗ ಅದಾವು. ಹಣಿ ಮ್ಯಾಲೆ ಮೂರು ಗೆರಿ. ಗಲ್ಲದ ಮ್ಯಾಲೆ ತೊನ್ನು ಐತಿ, ಯವ್ವಾ."

ಶಂಕ್ರವ್ವನ ಕೈ ಬಲಗೆನ್ನೆಗೆ ಹೋಯಿತು. ನಾಗವೇಣಿ ಅದನ್ನು ಹಿಡಿದು ಎಡಗಡೆಗೆ ತಂದು, ಅವಳ ಬೆರಳನ್ನೇ ಮಚ್ಚೆಯ ಅಂಚಿನ ಗುಂಟ ಮೆಲ್ಲಗೆ ನಡೆಸಿದಳು. ಕಣ್ಣಿನ ಕೆಳಗಿನಿಂದ ಕಿವಿಯವರೆಗೆ, ಅಲ್ಲಿಂದ ತುಟಿಯ ತುದಿಗೆ, ಮತ್ತೆ ಮೇಲಕ್ಕೆ.

ಬೆರಳು ಹೊರಟಲ್ಲಿಗೇ ಬಂದು ನಿಂತಾಗ ಅವ್ವ ಕೇಳಿದಳು, "ಇದು ಇಷ್ಟ ದೊಡ್ಡದಾಗೂತನಕ ನೀ ಸುಮ್ನ ಇದ್ದೇನು?"