ಏಳು ಸೈಕಲ್ಲು, ಮೂರು ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ ಶಾಲಿನಿ ಗಂಡನ ಅಂಗೈಗೆ ಮೂರೇ ಮೂರು ನಿಂಬೆಹಣ್ಣು ಹಾಕಿದಳು. ಲಕ್ಷ್ಮೀಪುರಂನ ಆ ಮನೆಯಂಗಳದಲ್ಲಿ ಮಿಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಏಳು ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ದಿಲೀಪ್ ಹಣ್ಣುಗಳನ್ನು ನೋಡಿದ, ಸೈಕಲ್ಲುಗಳನ್ನು ನೋಡಿದ, ಆಮೇಲೆ ಹೆಂಡತಿಯ ಮುಖ ನೋಡಿದ.

"ಯಾವುದರ ಚಕ್ರದ ಕೆಳಗೆ ಹಣ್ಣಿರುತ್ತೋ ಅದು ಮನೇಲಿರುತ್ತೆ. ಮಿಕ್ಕಿದ್ದು ಹಬ್ಬ ಕಳೆದ ಮೇಲೆ ಗುಜರಿ ಮಹದೇವು ಪಾಲಿಗೆ," ಎಂದಳು ಶಾಲಿನಿ. ಪೇಟೆಗೆ ಓಡಿ ಹಣ್ಣು ತರುವಂತಿಲ್ಲ, ಇರುವುದನ್ನು ಹೋಳು ಮಾಡುವಂತಿಲ್ಲ ಎಂಬ ಕಟ್ಟಳೆಗಳನ್ನೂ ಸೇರಿಸಿದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಜಾಗವಿಲ್ಲದೆ ಅವಳ ಸ್ಕೂಟರು ಮಳೆ ಬಿಸಿಲೆನ್ನದೆ ಬೀದಿಯಲ್ಲಿ ನಿಲ್ಲುತ್ತಿತ್ತು. ದಿಲೀಪನ ತಾಯಿ ಅಂಬುಜಮ್ಮ ತುಳಸಿಗೆ ನೀರು ಹಾಕಲು ಹೋಗಿ ಪೆಡಲಿಗೆ ಸೀರೆ ಸಿಕ್ಕಿಸಿಕೊಳ್ಳದ ದಿನವಿರಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ದಿಲೀಪನಿಗೋ ಹೆರದೆಯೇ ಏಳೂ ಮುದ್ದು. ಗೇರಿನ ಸೈಕಲ್ಲಿಗೆ ಒಂದು ಹಣ್ಣು ಇಟ್ಟ. ತೆಗೆದು ಮಡಚುವ ಸೈಕಲ್ಲಿಗೆ ಇಟ್ಟ. ಮತ್ತೆ ಗೇರಿನದಕ್ಕೇ ಇಟ್ಟ. ಕಡೆಗೆ ಇವೆರಡೂ, ಅಪ್ಪನ ಕಾಲದ ಕರಿ ಸೈಕಲ್ಲೂ ಪಾರಾದವು. ಸಾಲಿನ ಕೊನೆಯ ಕೆಂಪು ಲೇಡೀಸ್ ಸೈಕಲ್ಲಿಗೆ ಬೇಕೆಂದೇ ಇಡಲಿಲ್ಲ. ಮದುವೆಯ ಹೊಸದರಲ್ಲಿ ಶಾಲಿನಿ ಸೈಕಲ್ ಕಲಿತದ್ದು ಅದರ ಮೇಲೆ. ಬಿದ್ದ ಗಾಯದ ಗುರುತು ಮೊಣಕೈ ಮೇಲೆ ಇನ್ನೂ ಇದೆ. ಅದನ್ನು ಅವಳೇ ಉಳಿಸಲಿ, ಆಗ ಕಟ್ಟಳೆ ಮುರಿದವಳೂ ಅವಳೇ ಆಗುತ್ತಾಳೆ ಎಂಬುದು ಅವನ ಲೆಕ್ಕ.

ಶಾಲಿನಿ ಕರ್ಪೂರದ ತಟ್ಟೆ ಹಿಡಿದು ಬಂದಳು. ಮೂರು ಹಣ್ಣುಗಳನ್ನೂ ನೋಡಿದಳು. ಕೆಂಪು ಸೈಕಲ್ಲಿನ ಮುಂದೆ ಒಂದು ಗಳಿಗೆಯೂ ನಿಲ್ಲದೆ ಆರತಿ ಮುಗಿಸಿ ಒಳಗೆ ಹೋದಳು.

ದಿಲೀಪನಿಗೆ ಅವಳು ಬಿದ್ದ ದಿನ ತಾನು ಮೊದಲು ಸೈಕಲ್ಲನ್ನು ಎತ್ತಿ ಆಮೇಲೆ ಅವಳನ್ನು ಎತ್ತಿದ್ದು ನೆನಪಾಯಿತು. ಅದನ್ನವಳು ಮರೆತಿರಲಾರಳು. ಅತಿಬುದ್ಧಿ ತೋರಿಸಲು ಹೋಗಿ ಇದನ್ನೇ ಕಳೆದುಕೊಂಡೆನಲ್ಲ ಎಂದು ಅವನಿಗೆ ನಿಜಕ್ಕೂ ದುಃಖವಾಯಿತು. ಕರಿ ಸೈಕಲ್ಲಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಅದರ ಹಣ್ಣು ತೆಗೆಯಲು ಬಗ್ಗಿದ.

ಅಷ್ಟರಲ್ಲಿ ಶಾಲಿನಿ ಮತ್ತೆ ಬಂದಳು. ಕೈಯಲ್ಲೊಂದು ಚಮಚವಿತ್ತು. ಕೆಂಪು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಖಾರ ತೊಟ್ಟಿಕ್ಕುತ್ತಿದ್ದ ನಿಂಬೆಯ ಉಪ್ಪಿನಕಾಯಿ ಹೋಳೊಂದನ್ನು ಚಕ್ರದ ಕೆಳಗಿಟ್ಟಳು.

"ನಿಮ್ಮಾಟ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?" ಎಂದಳು, ತಲೆಯೆತ್ತದೆ. "ಇದೊಂದೇ ಕಣ್ರೀ. ಮಿಕ್ಕ ಮೂರು ಹೋಗ್ಲೇಬೇಕು."

ದಿಲೀಪ್ ಮಿಕ್ಕ ಮೂರರ ಕಡೆ ನೋಡಿದ.

ಬಾಗಿಲಲ್ಲಿ ನಿಂತು ಮಗನ ಮುಖವನ್ನೇ ನೋಡುತ್ತಿದ್ದ ಅಂಬುಜಮ್ಮ ಒಳಗೆ ಹೋದರು. ಹೊರಬಂದಾಗ ಅವರ ಕಂಕುಳಲ್ಲಿ ಉಪ್ಪಿನಕಾಯಿಯ ಜಾಡಿಯೇ ಇತ್ತು.

"ಇನ್ನೂ ಅರ್ಧ ಜಾಡಿ ಅದೆ ಕಣಮ್ಮ," ಎಂದರು ಸೊಸೆಗೆ.