ಮೂರನೆಯ ಸಾಲಿನ ಮೈಕು

ಈ ಕಥೆಯನ್ನು ಮೊದಲು ಹೇಳಿದವನು ಸಭಾಂಗಣಗಳಿಗೆ ಕುರ್ಚಿ ಬಾಡಿಗೆ ಕೊಡುವವನು. ಹೇಳಿದ್ದು ಕಥೆಯಲ್ಲಿ ಬರುವ ಗಾಯನ ನಡೆದ ಮರುವರ್ಷ, ಬೇರೊಂದು ಕಾರ್ಯಕ್ರಮ ಮುಗಿದ ಮೇಲೆ, ಎದ್ದು ಹೋಗಲು ಮನಸ್ಸಿಲ್ಲದೆ ಕೂತಿದ್ದ ಏಳೆಂಟು ಮಂದಿಗೆ. ಗಾಯನದ ದಿನ, ಹಾಡು ರೆಕಾರ್ಡ್ ಮಾಡುವುದರಲ್ಲಿ ಪಳಗಿದ್ದಕ್ಕೆ ಊರವರು ಕಿವಿಮೇಷ್ಟ್ರು ಎಂದು ಕರೆಯುತ್ತಿದ್ದವರ ಪಕ್ಕದಲ್ಲಿ ಕೂತಿದ್ದವನು ತಾನೇ ಎಂಬುದು ಅವನ ಸಾಕ್ಷ್ಯ. ಮಿಕ್ಕದ್ದನ್ನು ಮೇಷ್ಟ್ರೇ ಅವನಿಗೆ ಹೇಳಿಕೊಂಡಿದ್ದರಂತೆ.

“ಭಾವ, ಬೈಬೇಡಿ. ಎರಡು ಮೈಕು, ಒಂದು ರೆಕಾರ್ಡರ್. ಯಾವುದು ತಗೊಳ್ಳಲಿ ಹೇಳಿ, ಅಷ್ಟೇ,” ಎಂದು ಮೇಷ್ಟ್ರ ಹೆಂಡತಿಯ ತಮ್ಮ ಅಂಗಡಿಯ ಪಟ್ಟಿಯನ್ನು ಮೇಜಿನ ಮೇಲೆ ಹರಡಿದ. ಮೇಷ್ಟ್ರು ಪಟ್ಟಿಯನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದರು. ಮೂವತ್ತು ವರ್ಷ ಊರಿನ ಗಾಯನಗಳನ್ನೆಲ್ಲ ರೆಕಾರ್ಡ್ ಮಾಡಿದವರು ಅವರು. ಗುಂಪಿನ ಹಿಂದಿನ ಸಾಲಿನಲ್ಲಿ ಹಾಡುತ್ತಿದ್ದ ಹೆಂಡತಿಗೆ ಈ ಸಲ ಮೊದಲ ಬಾರಿಗೆ ಒಬ್ಬಳೇ ಹಾಡುವ ಅವಕಾಶ ಸಿಕ್ಕಿತ್ತು. ಸಿಕ್ಕಿದ ದಿನವೇ ಅವಳು ಹೇಳಿಬಿಟ್ಟಿದ್ದಳು: “ಈ ಸಲ ತಮ್ಮನೇ ರೆಕಾರ್ಡ್ ಮಾಡ್ಲಿ. ನಿಮ್ಮ ಮೈಕು ನೋಡಿದ್ರೆ ನನ್ನ ಗಂಟಲು ಕಟ್ಕೊಳ್ಳುತ್ತೆ.”

ಸರಿಯಾದ ಉತ್ತರ ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಇತ್ತು. ಬರಿಗೋಡೆಯ, ಎತ್ತರದ ಚಾವಣಿಯ, ಗಾಯನ ನಡೆಯಲಿದ್ದ ಆ ಸಭಾಂಗಣದಲ್ಲಿ ದನಿ ಗುಮ್ಮೆಂದು ಮೊಳಗುತ್ತದೆ. ಅಲ್ಲಿಗೆ ಎದುರಿನ ದನಿಯನ್ನಷ್ಟೇ ಹಿಡಿಯುವ ಮೈಕು ಬೇಕು, ಹಾಡುವವರ ಹತ್ತಿರವೇ ಇಡಬೇಕು. ಒಂದೊಂದು ಮೈಕಿನ ದನಿಯನ್ನೂ ಬೇರೆಬೇರೆಯಾಗಿ ದಾಖಲಿಸುವ ರೆಕಾರ್ಡರ್ ಬೇಕು. ಆಗ ಬೇಡದ್ದನ್ನು ಆಮೇಲೆ ಸೋಸಿ ತೆಗೆಯಬಹುದು. ಇಷ್ಟು ಗೊತ್ತಿದ್ದೂ ಅವರ ಬೆರಳು ಪಟ್ಟಿಯ ಇನ್ನೊಂದು ಸಾಲಿನ ಮೇಲೆ ಹೋಗಿ ನಿಂತಿತು.

“ಸುತ್ತಲಿಂದೆಲ್ಲಾ ಹಿಡಿಯುತ್ತಲ್ಲ, ಇದನ್ನ ತಗೋ. ಜೋಡಿಯಾಗಿ ಉದ್ದ ಸ್ಟ್ಯಾಂಡಿಗೆ ಹಾಕಿ ಮೂರನೇ ಸಾಲಿನ ಹಿಂದೆ ನಿಲ್ಲಿಸು. ಎಲ್ಲಾ ಒಟ್ಟಿಗೆ ಹಿಡಿಯೋ ಸಣ್ಣ ರೆಕಾರ್ಡರ್ ಸಾಕು.”

“ಅಷ್ಟು ದೂರಾನಾ? ಕೆಮ್ಮೋದು, ಕುರ್ಚಿ ಎಳೆಯೋದು ಎಲ್ಲಾ ಬರಲ್ವಾ ಭಾವ?”

“ಕೇಳೋಕೆ ಬಂದ್ಯೋ, ನಂಗೇ ಹೇಳ್ಕೊಡೋಕೆ ಬಂದ್ಯೋ?”

“ಅಯ್ಯೋ, ನಿಮ್ಮ ಕಿವಿ ಮುಂದೆ ನಂದೂ ಒಂದು ಕಿವೀನಾ? ಕನ್ನಡಕ ಸಿಗಿಸೋ ಗೂಟ, ಅಷ್ಟೇ!”

ಒಳಗೆ ಬಟಾಣಿ ಬಿಡಿಸುತ್ತಿದ್ದ ಹೆಂಡತಿ ಗೊಳ್ಳೆಂದು ನಕ್ಕಳು. ತಾವು ಆಡಿದ ಮಾತಿಗೆ ಅವಳು ಹಾಗೆ ನಕ್ಕಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೊರಟ ಮೇಷ್ಟ್ರಿಗೆ ಒಂದು ದಿನವೂ ಹೊಳೆಯಲಿಲ್ಲ. ಪಟ್ಟಿಯಲ್ಲಿ ತಾವು ತೋರಿಸಿದ ಸಾಲಿಗೆ ಪೆನ್ಸಿಲಿನಿಂದ ಒತ್ತಿ ಗೆರೆ ಎಳೆದುಕೊಟ್ಟರು.

ಗಾಯನದ ದಿನ ಐವತ್ತು ಜನ ಬಂದರೆ ಹೆಚ್ಚು, ಖಾಲಿ ಸಭಾಂಗಣದ ಮೊಳಗೇ ಹಾಡನ್ನು ಕೆಡಿಸುತ್ತದೆ ಎಂದು ಅವರು ಎಣಿಸಿದ್ದರು. ನಾನೂರು ಮಂದಿ ಬಂದರು. ಅಷ್ಟೂ ಜನರ ಮೈ ಮೇಲಿನ ಬಟ್ಟೆ ಸೇರಿ ಸಭಾಂಗಣದ ಮೊಳಗನ್ನೆಲ್ಲ ನುಂಗಿಹಾಕಿತು. ಮೇಷ್ಟ್ರಿಗೆ ಸಿಕ್ಕಿದ್ದು ಮೂರನೆಯ ಸಾಲು, ಮೈಕಿನ ಸ್ಟ್ಯಾಂಡಿನ ಮುಂದಿನ ಕುರ್ಚಿ. ಹೆಂಡತಿ ಒಬ್ಬಳೇ ಮುಂದೆ ಬಂದು ನಿಂತಳು, ತಮ್ಮನತ್ತ ನೋಡಿ ನಸುನಕ್ಕು ಹಾಡತೊಡಗಿದಳು. ಮನೆಯಲ್ಲಿ ಮೇಲಕ್ಕೇರುವಾಗ ಮುರಿದುಬೀಳುತ್ತಿದ್ದ ಗಂಟಲು ಅಂದು ಎಲ್ಲಿಯೂ ತಡವರಿಸದೆ ಏರಿತು, ಏರಿದಲ್ಲಿಯೇ ನಿಂತಿತು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷವೂ ಸದ್ದು ಹೊರಹೋಗದ ರೆಕಾರ್ಡಿಂಗಿನ ಗಾಜಿನ ಕೋಣೆಯೊಳಗೆ, ಬಾಗಿಲು ಮುಚ್ಚಿಕೊಂಡು, ಹಾಡು ನಡೆಯುತ್ತಿರುವಾಗಲೇ ಬಾಯಿಗೆ ಬಂದದ್ದನ್ನು ಆಡಿ ರೂಢಿಯಾದ ಮನುಷ್ಯ. ಇದು ಗಾಜಿನ ಕೋಣೆಯಲ್ಲ ಎಂಬುದು ಮರೆತೇಹೋಯಿತು. ಪಕ್ಕದಲ್ಲಿದ್ದ ಕುರ್ಚಿಯವನತ್ತ ಬಾಗಿ, “ಹಾಡ್ಲಿ, ಹಾಡ್ಲಿ. ಇದ್ರಲ್ಲಿ ಒಂದಕ್ಷರಾನೂ ಉಳಿಯಲ್ಲ ನೋಡ್ತಿರು. ಕೆಡೋ ಮೈಕನ್ನೇ ಆರಿಸಿಕೊಟ್ಟಿದ್ದೀನಿ,” ಎಂದರು.

ನಾಲ್ಕನೆಯ ದಿನ ಹೆಂಡತಿಯ ತಮ್ಮ ರೆಕಾರ್ಡರ್ ಹಿಡಿದು ಬಂದ. ಈ ಸಲ ತಮಾಷೆಯ ಮಾತಿರಲಿಲ್ಲ. ಹೆಡ್‌ಫೋನನ್ನು ಮೇಷ್ಟ್ರ ಕಿವಿಗೆ ತಾನೇ ಸಿಗಿಸಿದ. ಮೇಷ್ಟ್ರು ಕಣ್ಣು ಮುಚ್ಚಿದರು. ಮೂವತ್ತು ವರ್ಷದಲ್ಲಿ ತಾವು ಹಿಡಿದ ಯಾವ ಹಾಡಿನಲ್ಲೂ ಇಷ್ಟು ಜೀವವಿರಲಿಲ್ಲ ಎಂಬುದು ಅವರ ಕಿವಿಗೆ ತಿಳಿಯಿತು. ನಾನೂರು ಜನ ಉಸಿರು ಬಿಗಿಹಿಡಿದು ಕೂತಿದ್ದು ಕೂಡ ಅದರಲ್ಲಿ ಕೇಳುತ್ತಿತ್ತು. ಹೆಂಡತಿಯ ದನಿ ಏರಿತು, ನಿಂತಿತು. ಅದರ ಮಗ್ಗುಲಲ್ಲೇ, ಕಿವಿಯಲ್ಲಿ ಬಂದು ಹೇಳಿದಷ್ಟು ಹತ್ತಿರದಲ್ಲಿ, ಅವರದೇ ಮಾತು ಕೇಳಿಸಿತು.

ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

“ಆ ಜಾಗ ತೆಗೆದುಬಿಡು,” ಎಂದರು ಮೇಷ್ಟ್ರು.

“ಹೇಗೆ ತೆಗೀಲಿ ಭಾವ? ಸಣ್ಣ ರೆಕಾರ್ಡರ್ರು, ಎಲ್ಲಾ ಒಟ್ಟಿಗೇ ಬೆರೆತಿದೆ. ನಿಮ್ಮನ್ನ ತೆಗೆದ್ರೆ ಅಕ್ಕನೂ ಹೋಗ್ತಾಳೆ.”

“ಹಾಗಾದ್ರೆ ಅವಳಿಗೆ ಕೇಳಿಸ್ಬೇಡ. ನಿಂಗೆ ಕೈ ಮುಗೀತೀನಿ.”

“ಮೊದಲು ಕೇಳಿದ್ದೇ ಅಕ್ಕ. ಎರಡು ಸಲ ಹಾಕಿಸ್ಕೊಂಡು ಕೇಳಿದ್ಲು.”

“ಏನಂದ್ಲು?”

“‘ನನ್ನ ದನಿ ಚೆನ್ನಾಗಿ ಬಂದಿದೆ, ಅವರದೂ ಚೆನ್ನಾಗಿ ಬಂದಿದೆ. ಏನೂ ಮುಟ್ಬೇಡ, ಹೀಗೇ ಎಲ್ಲರಿಗೂ ಒಂದೊಂದು ಪ್ರತಿ ಕೊಡು’ ಅಂದ್ಲು.”

ಕುರ್ಚಿಯವನು ಅಲ್ಲಿಗೆ ನಿಲ್ಲಿಸಿದ. ಕಥೆ ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ತಾವೇ ಸದ್ದಾಗದಂತೆ ಮಡಚಿಟ್ಟು, ಮನೆಗೆ ಹೋದರು.